ಆಟಗಾರರ ಮೊಣಕಾಲು: ಸವೆತ ಎಲ್ಲಿಂದ ಶುರು, ತಡೆಯುವುದು ಹೇಗೆ

‘ಇಷ್ಟು ಓಡಬ್ಯಾಡಪ್ಪ, ನಲವತ್ತಕ್ಕ ಮೊಣಕಾಲು ಹೋಗ್ತಾವ’. ಪೊಲೀಸ್ ಭರ್ತಿಗೆಂದು ಬೆಳಗಿನ ಜಾವ ಮೈದಾನ ಸುತ್ತುವ ಹುಡುಗರಿಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಊರಲ್ಲಾದರೂ ಕೇಳಿಬರುವ ಬುದ್ಧಿಮಾತು ಇದು. ಅದೇ ಹಿರಿಯರು, ಕಬಡ್ಡಿ ಆಡಿ ಮೊಣಕಾಲು ಊದಿಸಿಕೊಂಡು ಬಂದವನಿಗೆ ‘ಎಣ್ಣಿ ಹಚ್ಚಿ ತಿಕ್ಕು, ಎರಡು ದಿನಕ್ಕ ಇಳಿತದ’ ಎನ್ನುತ್ತಾರೆ. ಎರಡೂ ತಲೆಕೆಳಗು. ಹೆದರಬೇಕಾದ ಕಡೆ ಹೆದರುವುದಿಲ್ಲ, ಹೆದರಬೇಕಿಲ್ಲದ ಕಡೆ ಹೆದರಿಸುತ್ತಾರೆ.

ಫಿನ್ಲೆಂಡಿನಲ್ಲಿ ಒಂದು ಕಾಲದ ದೊಡ್ಡ ಸ್ಪರ್ಧಿಗಳ ಮೊಣಕಾಲುಗಳನ್ನು ಅವರ ವಯಸ್ಸಾದ ಮೇಲೆ ಪರೀಕ್ಷಿಸಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಸವೆತ, ಅಂದರೆ ಕೀಲಿನೊಳಗೆ ಮೂಳೆ ತುದಿಯ ಹೊದಿಕೆ ಸವೆದುಹೋಗುವ ಕಾಯಿಲೆ, ಕಂಡದ್ದು ಶೂಟಿಂಗ್‌ನವರಲ್ಲಿ ಶೇ. 3, ಓಟಗಾರರಲ್ಲಿ ಶೇ. 14, ಫುಟ್‌ಬಾಲ್ ಆಡಿದವರಲ್ಲಿ ಶೇ. 29, ಭಾರ ಎತ್ತುವವರಲ್ಲಿ ಶೇ. 31. ಫುಟ್‌ಬಾಲಿಗರ ಸವೆತಕ್ಕೆ ಹಿಂದೆ ಆದ ಗಾಯಗಳು ದೊಡ್ಡ ಕಾರಣ, ಭಾರ ಎತ್ತುವವರಲ್ಲಿ ಮೈತೂಕ ದೊಡ್ಡ ಕಾರಣ ಎಂದು ಅದೇ ಅಧ್ಯಯನ ಹೇಳಿತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸೊಂಟದ ಕೀಲು ಮತ್ತು ಮೊಣಕಾಲಿನ ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ಎತ್ತರದ ಮಟ್ಟದ ಸ್ಪರ್ಧಾ ಓಟಗಾರರಲ್ಲಿ ಶೇ. 13.3 ಇತ್ತು. ವಾರಕ್ಕೆ ನಾಲ್ಕು ದಿನ ಐದೈದು ಕಿಲೋಮೀಟರ್ ಓಡುವ ಹುಡುಗ, ಕಟ್ಟೆ ಮೇಲೆ ಕೂತು ಅವನಿಗೆ ಬುದ್ಧಿ ಹೇಳುವವರಿಗಿಂತ ಸುರಕ್ಷಿತ.

ಕಾರಣ ಸರಳ. ಮೊಣಕಾಲಲ್ಲಿ ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಅದಕ್ಕೆ ರಕ್ತನಾಳಗಳಿಲ್ಲ. ಸ್ಪಂಜು ಹಿಂಡಿ ಬಿಟ್ಟಂತೆ, ತೂಕ ಬಿದ್ದಾಗ ದ್ರವ ಹೊರಗೆ, ತೂಕ ಇಳಿದಾಗ ಒಳಗೆ. ಅದರ ಊಟ ಹೀಗೇ. ಹಾಗಾಗಿ ಮಿತವಾದ ಓಟ, ನಡಿಗೆ ಅದಕ್ಕೆ ಬೇಕೇ ಬೇಕು. ಕೆಡುವುದು ಯಾವಾಗ ಎಂದರೆ, ಮಧ್ಯದ ಮೆನಿಸ್ಕಸ್ ಗಾದಿ ಹರಿದಾಗ, ಕೀಲನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಕಿತ್ತುಹೋದಾಗ. ಆಗ ತೂಕ ಬೀಳಬಾರದ ಜಾಗಕ್ಕೆ ಬೀಳುತ್ತದೆ. ಎಸಿಎಲ್ ಅಥವಾ ಮೆನಿಸ್ಕಸ್ ಹರಿದವರಲ್ಲಿ ಸುಮಾರು ಅರ್ಧ ಜನಕ್ಕೆ 10ರಿಂದ 20 ವರ್ಷದೊಳಗೆ ಸವೆತ ಬರುತ್ತದೆ. ಅಂದರೆ 20ಕ್ಕೆ ಗಾಯವಾದ ಕಬಡ್ಡಿ ಆಟಗಾರನಿಗೆ 30–40ಕ್ಕೇ ಮುದುಕರ ಮೊಣಕಾಲು ಬರಬಹುದು.

ಮೊದಲು ನಿಮ್ಮ ಲೆಕ್ಕ ಹಾಕಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಇವನ್ನು ಬರೆದುಕೊಳ್ಳಿ.

ನಿಮ್ಮ ಆಟ ಯಾವುದು? ಫುಟ್‌ಬಾಲ್, ಕುಸ್ತಿ, ಸ್ಪರ್ಧೆಯ ಭಾರ ಎತ್ತುವಿಕೆ, ಎತ್ತರದ ಮಟ್ಟದ ದೂರ ಓಟ, ಇವುಗಳಿಗೆ ಸವೆತದ ನಂಟು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಬಡ್ಡಿ, ಖೋ ಖೋದಲ್ಲಿ ಥಟ್ಟನೆ ನಿಲ್ಲುವುದು, ತಿರುಗುವುದು, ಬೀಳುವುದು ಎಲ್ಲವೂ ಇರುವುದರಿಂದ ಅವನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳುವುದು ಲೇಸು.

ಹಿಂದೆ ಮೊಣಕಾಲು ಊದಿತ್ತೇ? ಎಷ್ಟು ಸಲ, ಯಾವ ಕಾಲು? ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಆಮೇಲೆ ತೂಕ: ಮೈಯಲ್ಲಿ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು 4 ಕೆ.ಜಿ. ಹೊರೆ ಇಳಿಯುತ್ತದೆ. ಆಟ ಬಿಟ್ಟ ಮೇಲೂ ಆಟದ ದಿನಗಳ ಹಾಗೆಯೇ ಉಂಡು, ಸಂಜೆಗೆ ಮಿರ್ಚಿ-ಮಂಡಕ್ಕಿ ಬೇರೆ ಸೇರಿಸಿ, ಐದು ವರ್ಷಕ್ಕೆ 15 ಕೆ.ಜಿ. ಏರಿಸಿಕೊಂಡ ಹಳೆಯ ಆಟಗಾರರು ಎಲ್ಲ ಊರಲ್ಲೂ ಸಿಗುತ್ತಾರೆ. ಕೊನೆಗೆ ನಿಮ್ಮ ದುಡಿಮೆ: ಗಂಗಾವತಿ, ಸಿಂಧನೂರು ಕಡೆ ಹಗಲೆಲ್ಲ ಭತ್ತದ ಚೀಲ ಹೊತ್ತು ಸಂಜೆ ಆಡುವವರ ಮೊಣಕಾಲಿಗೆ ಎರಡು ಪಾಳಿ ಕೆಲಸ. ಕುಕ್ಕರುಗಾಲಲ್ಲಿ ಕೂತು ಮಾಡುವ, ಭಾರ ಹೊತ್ತು ಏಳುವ ಕೆಲಸವೇ ಸವೆತಕ್ಕೆ ಪ್ರತ್ಯೇಕ ಕಾರಣ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆ ಹೇಳಬೇಕು. ಒಂದೇ ಆಟ ಆಡಿದರೂ ಎಸಿಎಲ್ ಹರಿಯುವ ಸಾಧ್ಯತೆ ಅವರಲ್ಲಿ ಗಂಡು ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು. ಶಾಲೆಯ ಖೋ ಖೋ ತಂಡಕ್ಕೆ ಕೆಳಗೆ ಹೇಳುವ 20 ನಿಮಿಷದ ತಯಾರಿ ಕಡ್ಡಾಯ ಎಂದೇ ದೈಹಿಕ ಶಿಕ್ಷಕರು ತಿಳಿಯಲಿ.

ಮೊಣಕಾಲು ತಿರುಚಿದ ದಿನ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಮುಂದಿನ 20 ವರ್ಷದ ಮೊಣಕಾಲು ಈ ಒಂದು ವಾರದಲ್ಲಿ ತೀರ್ಮಾನವಾಗುತ್ತದೆ.

ಕಬಡ್ಡಿಯ ರೈಡರ್ ಬೋನಸ್ ಗೆರೆ ಮುಟ್ಟಿ ತಿರುಗುತ್ತಾನೆ. ಪಾದ ನೆಲಕ್ಕೆ ಊರಿದೆ, ಮೈ ತಿರುಗಿದೆ, ಅಷ್ಟರಲ್ಲಿ ಕಾರ್ನರ್‌ನವನು ಪಾದ ಹಿಡಿದಿದ್ದಾನೆ. ಒಳಗೆ ‘ಟಕ್’ ಎಂದ ಹಾಗಾಗುತ್ತದೆ. ಎಷ್ಟೋ ಸಲ ಅದು ಪಕ್ಕದವರಿಗೂ ಕೇಳುತ್ತದೆ. ನೋವು ಹತ್ತು ನಿಮಿಷಕ್ಕೆ ಕಡಿಮೆಯಾಗಿ, ಎದ್ದು ನಡೆದಾಡಲು ಬರುವುದರಿಂದ ‘ಏನಾಗಿಲ್ಲ’ ಎಂದು ಮತ್ತೆ ಕಣಕ್ಕಿಳಿಯುತ್ತಾರೆ. ಕೆಡುವುದು ಇಲ್ಲೇ. ಎಸಿಎಲ್ ಒಂದೇ ಹರಿದಿದ್ದ ಕಾಲು ಮುಂದಿನ ರೈಡ್‌ನಲ್ಲಿ ಕುಸಿದು ಮೆನಿಸ್ಕಸ್‌ನ್ನೂ ಹರಿದುಕೊಳ್ಳುತ್ತದೆ.

ಮಾಡಬೇಕಾದ ಕ್ರಮ:

1. ಆ ದಿನದ ಆಟ ಅಲ್ಲಿಗೆ ಮುಗಿಯಿತು. ಫೈನಲ್ ಇರಲಿ, ಊರ ಮರ್ಯಾದೆ ಪ್ರಶ್ನೆ ಇರಲಿ.

2. ಗಡಿಯಾರ ನೋಡಿ, ಗಾಯವಾದ ಹೊತ್ತು ಬರೆದಿಡಿ. ಊತ ಎಷ್ಟು ಹೊತ್ತಿಗೆ ಬಂತು ಎಂಬುದು ವೈದ್ಯರಿಗೆ ದೊಡ್ಡ ಸುಳಿವು. ಎರಡು-ಮೂರು ಗಂಟೆಯೊಳಗೆ ಮೊಣಕಾಲು ತುಂಬಿಕೊಂಡರೆ ಒಳಗೆ ರಕ್ತ ಇಳಿದಿದೆ ಎಂದರ್ಥ. ಇಂಥವರಲ್ಲಿ ಬಹುಪಾಲು ಜನರಿಗೆ ಎಸಿಎಲ್ ಹರಿದಿರುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಊದಿದ್ದರೆ ಮೆನಿಸ್ಕಸ್ ಕಡೆ ಅನುಮಾನ.

3. ಐಸ್ ಇಡಿ. ಹಳ್ಳಿಯಲ್ಲಿ ಐಸ್‌ಕ್ಯಾಂಡಿ ಮಾರುವವರ ಬಳಿ, ಬೇಕರಿಯ ಫ್ರಿಜ್‌ನಲ್ಲಿ ಸಿಗುತ್ತದೆ. ನೇರ ಚರ್ಮಕ್ಕೆ ಇಟ್ಟರೆ ಚರ್ಮ ಸುಡುತ್ತದೆ, ಒದ್ದೆ ಟವೆಲ್‌ನಲ್ಲಿ ಸುತ್ತಿ 15–20 ನಿಮಿಷ ಇಡಿ. ಎಚ್ಚರ ಇರುವಷ್ಟು ಹೊತ್ತು ಎರಡು-ಮೂರು ಗಂಟೆಗೊಮ್ಮೆ, ಎರಡು ದಿನ.

4. 15 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ಮೀನಖಂಡದಿಂದ ಶುರುಮಾಡಿ ಮೇಲಕ್ಕೆ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ. ಕಟ್ಟಿದ ಅರ್ಧ ಗಂಟೆಗೆ ಬೆರಳು ಮುಟ್ಟಿ ನೋಡಿ: ತಣ್ಣಗಾಗಿದ್ದರೆ, ನೀಲಿಯಾಗಿದ್ದರೆ, ಜೋಮು ಹಿಡಿದಿದ್ದರೆ ಬಿಚ್ಚಿ ಸಡಿಲ ಕಟ್ಟಿ. ಮಲಗಿದಾಗ ಹಿಮ್ಮಡಿ ಕೆಳಗೆ ಎರಡು ದಿಂಬು, ಕಾಲು ಎದೆಗಿಂತ ಮೇಲಿರಲಿ.

5. ಮೂರು ದಿನ ಇವು ಬೇಡ: ಎಣ್ಣೆ ತಿಕ್ಕುವುದು, ಬಿಸಿ ಶಾಖ, ಮದ್ಯ. ಬಿಸಿ ಮತ್ತು ತಿಕ್ಕಾಟ ಒಳಗಿನ ರಕ್ತಸ್ರಾವ ಹೆಚ್ಚಿಸುತ್ತವೆ. ಊದಿದ ಕೀಲನ್ನು ಎಳೆದು ‘ಕೂಡಿಸುವ’ವರ ಹತ್ತಿರ ಹೋಗಲೇಬೇಡಿ. ಹರಿದ ಲಿಗಮೆಂಟ್ ಎಳೆದರೆ ಕೂಡುವುದಿಲ್ಲ. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ ಪಟ್ಟಿಯಿಂದ ರಕ್ತಸಂಚಾರ ನಿಂತರೆ ಕಾಲಿಗೇ ಅಪಾಯ.

6. ಎಕ್ಸ್-ರೇ ತುರ್ತಾಗಿ ಬೇಕೇ ಎಂದು ತೀರ್ಮಾನಿಸಲು ವೈದ್ಯರು ಬಳಸುವ ಐದು ಪ್ರಶ್ನೆಗಳಿವೆ. ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೇ? ಮೊಣಕಾಲು 90 ಡಿಗ್ರಿ ಮಡಚಲು ಬರುತ್ತಿಲ್ಲವೇ? ಮೊಣಕಾಲ ಚಿಪ್ಪಿನ ಮೇಲಷ್ಟೇ ಒತ್ತಿದರೆ ನೋವೇ? ಮೊಣಕಾಲ ಹೊರಬದಿ ಕೆಳಗಿನ ಮೂಳೆಗುಬ್ಬಿ ಒತ್ತಿದರೆ ನೋವೇ? ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚೇ? ಒಂದಕ್ಕೆ ಹೌದು ಎಂದರೂ ಅಂದೇ ಎಕ್ಸ್-ರೇ.

ಎಕ್ಸ್-ರೇಯಲ್ಲಿ ‘ನಾರ್ಮಲ್’ ಬಂದರೆ ಮೂಳೆ ಮುರಿದಿಲ್ಲ ಎಂದಷ್ಟೇ ಅರ್ಥ. ಲಿಗಮೆಂಟ್, ಮೆನಿಸ್ಕಸ್ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಆ ಒಂದು ‘ನಾರ್ಮಲ್’ ನಂಬಿಕೊಂಡು ವರ್ಷಗಟ್ಟಲೆ ಹರಿದ ಮೊಣಕಾಲಲ್ಲೇ ಆಡಿದವರು ಬಹಳ. ಊತ ಇಳಿದ ಮೇಲೆ, ಏಳರಿಂದ ಹತ್ತು ದಿನಕ್ಕೆ, ಮೂಳೆ ವೈದ್ಯರಿಂದ ಮತ್ತೆ ಕೈಯಿಂದ ಪರೀಕ್ಷೆ ಮಾಡಿಸಿ. ಊದಿದ ದಿನ ನೋವಿಗೆ ಬಿಗಿದುಕೊಂಡ ಕಾಲಲ್ಲಿ ಆ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಎಂಆರ್‌ಐ ಸ್ಕ್ಯಾನ್ ಬೇಕೋ ಬೇಡವೋ ಆಗ ಅವರೇ ಹೇಳುತ್ತಾರೆ. ಜನ ಇನ್ನೂ ವಿಮ್ಸ್ ಎನ್ನುವ ಬಳ್ಳಾರಿಯ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಸರ್ಕಾರಿ ಬೋಧನಾ ಆಸ್ಪತ್ರೆಗಳು. ಹೋಗುವಾಗ ಹಳೆಯ ಎಕ್ಸ್-ರೇ, ನೀವು ಬರೆದಿಟ್ಟ ಹೊತ್ತು, ಊದಿದಾಗ ಮೊಬೈಲ್‌ನಲ್ಲಿ ತೆಗೆದ ಫೋಟೊ ಒಯ್ಯಿರಿ.

ಮೊಣಕಾಲು ಅರ್ಧಕ್ಕೆ ಸಿಕ್ಕಿಕೊಂಡು ನೇರವಾಗದಿದ್ದರೆ ಹತ್ತು ದಿನ ಕಾಯಬೇಡಿ. ಹರಿದ ಮೆನಿಸ್ಕಸ್ ಚೂರು ಬಾಗಿಲ ಸಂದಿಗೆ ಸಿಕ್ಕ ಬಟ್ಟೆಯ ಹಾಗೆ ಮಧ್ಯೆ ಸಿಕ್ಕಿರುತ್ತದೆ. ಬೇಗ ಹೋದರೆ ಹೊಲಿಯಬಹುದು, ತಡವಾದರೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಹಿಂದೆ ಮೆನಿಸ್ಕಸ್ ಪೂರ್ತಿ ತೆಗೆಸಿಕೊಂಡವರನ್ನು 21 ವರ್ಷದ ನಂತರ ನೋಡಿದಾಗ, ಎಕ್ಸ್-ರೇಯಲ್ಲಿ ಕಾಣುವ ಸವೆತದ ಅಪಾಯ ಅಂಥ ಆಪರೇಷನ್ ಆಗದವರ 14 ಪಟ್ಟು ಇತ್ತು. ಅದಕ್ಕೇ ‘ಹೊಲಿಯಲು ಬರುತ್ತದೆಯೇ?’ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ.

ಮತ್ತೆ ಕಣಕ್ಕೆ ಯಾವಾಗ

ಎಸಿಎಲ್ ಆಪರೇಷನ್ ಆದವರು ಆರು ತಿಂಗಳಿಗೆ ನೋವಿಲ್ಲದೆ ಓಡುತ್ತಾರೆ. ಆದ್ದರಿಂದ ಆರು ತಿಂಗಳಿಗೇ ಟೂರ್ನಮೆಂಟ್‌ಗೆ ಹೆಸರು ಕೊಡುತ್ತಾರೆ. ನಾರ್ವೆಯ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ತಡೆದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿದಿತ್ತು. ಒಂಬತ್ತು ತಿಂಗಳಿಗೆ ಮುಂಚೆ ಕಬಡ್ಡಿ, ಕುಸ್ತಿ, ಫುಟ್‌ಬಾಲ್ ಬೇಡ.

ಒಂಬತ್ತು ತಿಂಗಳಾಯಿತು ಎಂಬುದಷ್ಟೇ ಸಾಲದು, ಅಳತೆಯೂ ಆಗಬೇಕು. ನೆಲಕ್ಕೆ ಗೆರೆ ಹಾಕಿ, ಒಂದೇ ಕಾಲಲ್ಲಿ ನಿಂತು ಮುಂದಕ್ಕೆ ಹಾರಿ ಅದೇ ಕಾಲಲ್ಲಿ ಅಲ್ಲಾಡದೆ ನಿಲ್ಲಿ. ಟೇಪ್ ಹಿಡಿದು ಅಳೆಯಿರಿ, ಪ್ರತಿ ಕಾಲಿಗೆ ಮೂರು ಸಲ, ದೊಡ್ಡ ಅಳತೆ ತೆಗೆದುಕೊಳ್ಳಿ. ಒಳ್ಳೆಯ ಕಾಲು 150 ಸೆಂ.ಮೀ. ಹಾರಿದರೆ ಗಾಯದ ಕಾಲು ಕನಿಷ್ಠ 135 ಹಾರಬೇಕು, ಅಂದರೆ ಶೇ. 90. ಆಡಿದ ಮರುದಿನ ಊತವೂ ಇರಬಾರದು. ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ ಇದಕ್ಕೆಲ್ಲ ಯಂತ್ರ, ಫಿಸಿಯೊಗಳು ಇರುತ್ತಾರೆ. ಹಳ್ಳಿಯ ತಂಡಕ್ಕೆ ಬಟ್ಟೆ ಹೊಲಿಯುವವರ ಟೇಪು ಸಾಕು.

ತೊಡೆ ಗಟ್ಟಿ ಮಾಡುವುದು: ವಾರಕ್ಕೆ ಎರಡು-ಮೂರು ದಿನ

ಜಿಗಿದು ಇಳಿಯುವಾಗ ಬೀಳುವ ಹೊರೆಯನ್ನು ತೊಡೆಯ ಸ್ನಾಯು ನುಂಗಿಕೊಳ್ಳಬೇಕು. ಅದು ಸೋತರೆ ಉಳಿದದ್ದನ್ನು ಕೀಲು ನುಂಗುತ್ತದೆ. ಜಿಮ್ ಬೇಕಿಲ್ಲ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಒಂದು ಗೇಣುದ್ದದ ಚೀಲ ಹೊಲಿಯಿರಿ. ಜರಡಿ ಹಿಡಿದ ಒಣ ಮರಳು ತುಂಬಿ. ಒಂದು ಲೀಟರ್ ಬಾಟಲಿ ಒಣ ಮರಳು ಸುಮಾರು 1.6 ಕೆ.ಜಿ. ತೂಗುತ್ತದೆ, ಹಾಗಾಗಿ 1 ಕೆ.ಜಿ.ಗೆ ಬಾಟಲಿಯ ಅರ್ಧಕ್ಕಿಂತ ತುಸು ಮೇಲೆ. ಬಾಯಿ ಹೊಲಿದು ಎರಡು ಪಟ್ಟಿಯಿಂದ ಕಣಕಾಲಿಗೆ ಕಟ್ಟಿ.

ಕಟ್ಟೆಯ ಮೇಲೆ ಕೂತು ಮರಳು ಚೀಲ ಕಟ್ಟಿದ ಕಾಲನ್ನು ಎರಡು ಎಣಿಕೆಗೆ ನೇರ ಮಾಡಿ, ಎರಡು ಎಣಿಕೆ ಹಿಡಿದು, ನಾಲ್ಕು ಎಣಿಕೆಗೆ ಇಳಿಸಿ. ಹತ್ತು ಸಲ, ಮೂರು ಸುತ್ತು. ಹನ್ನೆರಡು ಸಲ ಸುಲಭ ಅನಿಸಿದ ವಾರ ಅರ್ಧ ಕೆ.ಜಿ. ಸೇರಿಸಿ. ಹೊಸದಾಗಿ ಎಸಿಎಲ್ ಆಪರೇಷನ್ ಆದವರು ಇದೊಂದನ್ನು ಫಿಸಿಯೊ ಹೇಳುವವರೆಗೆ ಮಾಡಬಾರದು, ಹೊಸ ಲಿಗಮೆಂಟ್ ಮೇಲೆ ಎಳೆತ ಬೀಳುತ್ತದೆ.

ಎರಡನೆಯದು ಮೆಟ್ಟಿಲಿಳಿತ. ನಮ್ಮ ಮಟ್ಟಿಗೆ ಎಲ್ಲದರಲ್ಲೂ ಬೆಲೆಯುಳ್ಳದ್ದು ಇದೇ. 15–20 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿಗೆ ಒಂದೇ ಕಾಲಲ್ಲಿ ನಿಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿರಲಿ. ಮೂರು ಎಣಿಕೆಗೆ ನಿಧಾನ ಬಾಗಿ, ಗಾಳಿಯಲ್ಲಿರುವ ಹಿಮ್ಮಡಿ ನೆಲಕ್ಕೆ ಮೊಟ್ಟೆ ಮುಟ್ಟಿದಷ್ಟು ಮೆತ್ತಗೆ ತಾಗಿಸಿ, ತೂಕ ಹಾಕದೆ ಮೇಲೇಳಿ. ಮುಂದೆ ನೀರಿನ ಬಾಟಲಿಗೆ ಮೊಬೈಲ್ ಒರಗಿಸಿ ವಿಡಿಯೊ ಮಾಡಿಕೊಳ್ಳಿ. ನೋಡಬೇಕಾದದ್ದು ಒಂದೇ: ಬಾಗುವಾಗ ಮೊಣಕಾಲು ಎರಡನೇ ಬೆರಳಿನ ನೇರಕ್ಕೆ ಹೋಗುತ್ತದೆಯೋ, ಹೆಬ್ಬೆರಳು ದಾಟಿ ಒಳಕ್ಕೆ ಬೀಳುತ್ತದೆಯೋ? ಒಳಕ್ಕೆ ಬೀಳುವ ಮೊಣಕಾಲೇ ಆಟದಲ್ಲಿ ತಿರುಚುವ ಮೊಣಕಾಲು. ಹಾಗೆ ಬೀಳುತ್ತಿದ್ದರೆ ಮೆಟ್ಟಿಲು ಬಿಟ್ಟು, ಮಲಗಿಸಿಟ್ಟ ಒಂದು ಇಟ್ಟಿಗೆಯ ಎತ್ತರದಿಂದ ಶುರುಮಾಡಿ. ಜೊತೆಗೆ ಸೈಕಲ್ ಟ್ಯೂಬ್ ಕತ್ತರಿಸಿ ಎರಡೂ ಮೊಣಕಾಲ ಮೇಲ್ಗಡೆ ಕಟ್ಟಿಕೊಂಡು, ತುಸು ಬಾಗಿ, ಪಕ್ಕಕ್ಕೆ ಹತ್ತು ಹೆಜ್ಜೆ ಆ ಕಡೆ, ಹತ್ತು ಈ ಕಡೆ ನಡೆಯಿರಿ. ಸೋತಿರುವುದು ಸೊಂಟದ ಪಕ್ಕದ ಸ್ನಾಯು, ಮೊಣಕಾಲು ಅದರ ತಪ್ಪಿಗೆ ದಂಡ ಕಟ್ಟುತ್ತಿದೆ.

ತೊಡೆಯ ಹಿಂಭಾಗಕ್ಕೆ: ಕೌದಿ ಮಡಚಿ ಹಾಸಿ ಮೊಣಕಾಲೂರಿ ನಿಲ್ಲಿ, ಜೊತೆಗಾರ ಕಣಕಾಲು ಒತ್ತಿ ಹಿಡಿಯಲಿ. ತಲೆಯಿಂದ ಮೊಣಕಾಲವರೆಗೆ ಒಂದೇ ನೇರ ಇಟ್ಟು, ಆದಷ್ಟು ನಿಧಾನ ಮುಂದಕ್ಕೆ ವಾಲಿ, ತಡೆಯಲಾಗದಾಗ ಕೈ ಊರಿ. ಮೊದಲ ವಾರ ಐದು ಸಲ ಮಾತ್ರ. ಉತ್ಸಾಹಕ್ಕೆ ಬಿದ್ದು ಇಪ್ಪತ್ತು ಮಾಡಿದರೆ ಮೂರು ದಿನ ಕೂರಲು ಏಳಲು ಆಗುವುದಿಲ್ಲ.

ಆಟಕ್ಕೆ ಮುಂಚಿನ 20 ನಿಮಿಷ

ಮೈದಾನಕ್ಕೆ ಎರಡು ಸುತ್ತು ಹಾಕಿ, ಕೈಕಾಲು ಒದರಿ ಆಟಕ್ಕಿಳಿಯುವುದು ತಯಾರಿಯಲ್ಲ. ಫಿಫಾದವರು ಫುಟ್‌ಬಾಲಿಗರಿಗೆಂದು ರೂಪಿಸಿದ ‘11+’ ಎಂಬ ಕ್ರಮ ಸರಿಯಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿವೆ. ಅದರ ಅಳತೆ 8, 10, 2.

ಮೊದಲ 8 ನಿಮಿಷ ನಿಧಾನ ಓಟ, ನಡುನಡುವೆ ಸೊಂಟ ಹೊರಕ್ಕೆ-ಒಳಕ್ಕೆ ತಿರುಗಿಸುವುದು, ಜೊತೆಗಾರನ ಸುತ್ತ ಪಕ್ಕಹೆಜ್ಜೆ, ಮುಂದಕ್ಕೋಡಿ ಹಿಂದಕ್ಕೆ ಬರುವುದು. ಆಮೇಲೆ 10 ನಿಮಿಷ: ಮೊಣಕೈ ಮೇಲೆ ನಿಲ್ಲುವ ಪ್ಲ್ಯಾಂಕ್, ಪಕ್ಕದ ಪ್ಲ್ಯಾಂಕ್, ಮೇಲೆ ಹೇಳಿದ ಮುಂದಕ್ಕೆ ವಾಲುವ ವ್ಯಾಯಾಮ, ಒಂಟಿಕಾಲಲ್ಲಿ 30 ಸೆಕೆಂಡ್, ಬಸ್ಕಿ, ಜಿಗಿತ. ಕೊನೆಯ 2 ನಿಮಿಷ ಜೋರು ಓಟ, ದೊಡ್ಡ ಜಿಗಿತದ ಹೆಜ್ಜೆ, ಓಡುತ್ತಲೇ ಪಾದ ಊರಿ ದಿಕ್ಕು ಬದಲಿಸುವುದು.

ತರಬೇತುದಾರರು ಜಿಗಿತದಲ್ಲಿ ಕಿವಿಗೊಟ್ಟು ಕೇಳಲಿ. ನೆಲಕ್ಕೆ ಇಳಿದ ಸದ್ದು ‘ಧಡ್’ ಎಂದರೆ ಮೊಣಕಾಲು ಸೆಟೆದಿದೆ. ಸದ್ದೇ ಬರದ ಹಾಗೆ, ಮೊಣಕಾಲು ಬಾಗಿಸಿ, ಎರಡೂ ಮೊಣಕಾಲ ನಡುವೆ ಅಂತರ ಉಳಿಸಿ ಇಳಿಯುವುದನ್ನು ಕಲಿಸಬೇಕು. ಕಬಡ್ಡಿಯಲ್ಲಿ ತಿರುಗುವಾಗ ಒಂದು ದೊಡ್ಡ ಹೆಜ್ಜೆಯ ಬದಲು ಮೂರು ಸಣ್ಣ ಹೆಜ್ಜೆ. ಖೋ ಖೋದಲ್ಲಿ ಕಂಬ ಸುತ್ತುವ ಅಭ್ಯಾಸ ಎರಡೂ ಕಡೆಯಿಂದ ಆಗಲಿ, ಇಲ್ಲವಾದರೆ ವರ್ಷಗಟ್ಟಲೆ ಒಂದೇ ಕಾಲು ತಿರುಚಾಟ ಹೊರುತ್ತದೆ. ಪಾದ ಊರಿ ನಿಂತವನ ಮೊಣಕಾಲಿಗೆ ಪಕ್ಕದಿಂದ ಬಿದ್ದು ಹಿಡಿಯುವುದನ್ನು ಅಭ್ಯಾಸದಲ್ಲೇ ನಿಲ್ಲಿಸಿ. ಮುರಿಯುವುದು ನಿಮ್ಮದೇ ತಂಡದ ಹುಡುಗನ ಕಾಲು.

ನೆಲ

ಎರೆ ನೆಲದ ಮೈದಾನ ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಹಿಮ್ಮಡಿ ಬಿರುಕಿಗೆ ಸಿಕ್ಕರೆ ಪಾದ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ, ನಡುವಿನ ಮೊಣಕಾಲು ತಿರುಚುತ್ತದೆ. ಗಂಡಸರ ಕಬಡ್ಡಿ ಕಣ 13 ಮೀಟರ್ ಉದ್ದ, 10 ಮೀಟರ್ ಅಗಲ ಅಷ್ಟೇ; ಬಿರುಕಿಗೆ ಜರಡಿ ಹಿಡಿದ ಮಣ್ಣು-ಮರಳು ತುಂಬಿ, ಹಿಂದಿನ ಸಂಜೆ ನೀರು ಚಿಮುಕಿಸಿ, ಉರುಳುಕಲ್ಲು ಹೊರಳಿಸಿದರೆ ಒಂದು ದಿನದ ಕೆಲಸ. ಗೆರೆಯಾಚೆಗೂ ಮೂರು-ನಾಲ್ಕು ಮೀಟರ್ ಕಲ್ಲು ಆರಿಸಿ. ಮ್ಯಾಟ್ ಮೇಲೆ ಆಡುವವರಿಗೆ ತೊಂದರೆ ಉಲ್ಟಾ: ಹೊಸ ಬೂಟಿನ ಹಿಡಿತ ವಿಪರೀತವಾಗಿ ಪಾದ ತಿರುಗುವುದೇ ಇಲ್ಲ. ಹೊಸ ಬೂಟಲ್ಲಿ ಮೊದಲು ನಾಲ್ಕೈದು ದಿನ ಅಭ್ಯಾಸ, ಆಮೇಲೆ ಪಂದ್ಯ.

ತುಂಗಭದ್ರಾ ಕಾಲುವೆ ಏರಿಯ ಮೇಲೆ ಓಡುವವರು ಗಮನಿಸಿ: ಏರಿ ಒಂದು ಕಡೆಗೆ ವಾಲಿದ್ದರೆ ಹೋಗುವಾಗ ಯಾವ ಬದಿಯೋ ಬರುವಾಗಲೂ ಅದೇ ಬದಿ ಹಿಡಿಯಿರಿ, ಆಗ ವಾಲು ಎರಡೂ ಕಾಲಿಗೆ ಹಂಚಿಹೋಗುತ್ತದೆ. ಅಂಜನಾದ್ರಿಯ 575 ಮೆಟ್ಟಿಲನ್ನು ಓಡಿ ಹತ್ತುವವರು ಹತ್ತಲಿ, ಒಳ್ಳೆಯದೇ. ಇಳಿಯುವಾಗ ಓಡಬೇಡಿ. ಇಳಿತದಲ್ಲೇ ಮೊಣಕಾಲ ಚಿಪ್ಪಿನ ಹಿಂದೆ ಒತ್ತಡ ಏರುವುದು.

1600 ಮೀಟರ್ ಓಡುವವರಿಗೆ

ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1600 ಮೀಟರ್‌ನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. 400 ಮೀಟರ್ ಸುತ್ತಿಗೆ 97.5 ಸೆಕೆಂಡ್. ಅಧಿಸೂಚನೆ ಬಂದ ಮರುದಿನದಿಂದ ದಿನವೂ ಪೂರ್ತಿ ಜೋರಲ್ಲಿ 1600 ಓಡುವುದೇ ಎಲ್ಲರ ತಪ್ಪು. ಮೂರನೇ ವಾರಕ್ಕೆ ಮೊಣಕಾಲ ಚಿಪ್ಪಿನ ಕೆಳಗೆ ನೋವು, ಕಾಲ ಮೂಳೆಯ ಮುಂದೆ ನೋವು. ಇದು ಸವೆತವಲ್ಲ, ಹೊರೆ ದಿಢೀರ್ ಏರಿದ್ದರ ಫಲ.

ಹನ್ನೆರಡು ವಾರ ಇಟ್ಟುಕೊಳ್ಳಿ. ಮೊದಲ ನಾಲ್ಕು ವಾರ, ವಾರಕ್ಕೆ ಮೂರು ದಿನ, ಮಾತಾಡುತ್ತ ಓಡಬಹುದಾದ ವೇಗದಲ್ಲಿ 3 ಕಿ.ಮೀ.; ನಿಧಾನವಾಗಿ 4ಕ್ಕೆ ಏರಿಸಿ. ಐದರಿಂದ ಎಂಟನೇ ವಾರ, ಒಂದು ದಿನ 400 ಮೀಟರ್‌ನ ಆರು ಓಟ, ತಲಾ 100 ಸೆಕೆಂಡ್, ನಡುವೆ 2 ನಿಮಿಷ ನಡಿಗೆ. ಉಳಿದ ಎರಡು ದಿನ ನಿಧಾನ ಓಟವೇ. ಒಂಬತ್ತರಿಂದ ಹನ್ನೊಂದು, ಅದೇ ಜೋರು ದಿನ ನಾಲ್ಕು ಓಟ, 94–95 ಸೆಕೆಂಡಿಗೆ. ಗಡಿಯಾರ ಹಿಡಿದು ಪೂರ್ತಿ 1600 ಓಡುವುದು ಎರಡು ವಾರಕ್ಕೊಮ್ಮೆ ಸಾಕು. ಕೊನೆಯ ವಾರ ಓಟ ಅರ್ಧಕ್ಕಿಳಿಸಿ. ನಡುವಿನ ಎರಡು ದಿನ ತೊಡೆಯ ವ್ಯಾಯಾಮ.

ನೋವಿಗೆ ಒಂದು ಅಳತೆಗೋಲು: ಸೊನ್ನೆಯಿಂದ ಹತ್ತರಲ್ಲಿ 2ರವರೆಗೆ ನೋವಿದ್ದರೆ ಮುಂದುವರಿಸಿ. 5ರವರೆಗೆ ಇದ್ದರೂ ಸರಿ, ಆದರೆ 24 ಗಂಟೆಯೊಳಗೆ ಮೊದಲಿನ ಸ್ಥಿತಿಗೆ ಇಳಿಯಬೇಕು. ಇಳಿಯದಿದ್ದರೆ ಮುಂದಿನ ಸಲ ಕಡಿಮೆ ಮಾಡಿ. 5 ದಾಟಿದರೆ ಅಂದು ನಿಲ್ಲಿಸಿ.

ಗರಡಿ ಮತ್ತು ಕಲ್ಲು

ಬಸ್ಕಿ ಕೆಟ್ಟದ್ದಲ್ಲ. ದಣಿದ ಮೇಲೂ ಎಣಿಕೆ ತುಂಬಿಸಲೆಂದು ಹೊಡೆಯುವ ಇನ್ನೂರು-ಮುನ್ನೂರನೆಯ ಬಸ್ಕಿ ಕೆಟ್ಟದ್ದು. ಆಗ ತೊಡೆ ತಡೆಯುವುದಿಲ್ಲ, ಮೈ ಮೊಣಕಾಲ ಮೇಲೆ ಧೊಪ್ಪನೆ ಕೂರುತ್ತದೆ. ಎಣಿಕೆ ಅರ್ಧಕ್ಕಿಳಿಸಿ, ಇಳಿಯುವಾಗ ಮೂರು ಎಣಿಕೆ ಕೊಡಿ. ಪೂರ್ತಿ ಕುಕ್ಕರುಗಾಲಲ್ಲಿ ಕೂತು ಸೊಂಟ ತಿರುಗಿಸುವುದು ಮೆನಿಸ್ಕಸ್ ಹರಿಯುವ ನೇರ ದಾರಿ. ಕಾರಹುಣ್ಣಿಮೆ ಹೊತ್ತಿಗೆ ಸಂಗ್ರಾಣಿ ಕಲ್ಲು ಎತ್ತುವವರು ವರ್ಷವಿಡೀ ಸುಮ್ಮನಿದ್ದು ಹಬ್ಬದ ದಿನ ಒಮ್ಮೆಲೇ ಕಲ್ಲಿಗೆ ಕೈ ಹಾಕುತ್ತಾರೆ. ಕನಿಷ್ಠ ಎಂಟು ವಾರ ಮುಂಚೆ, ಹಬ್ಬದ ಕಲ್ಲಿನ ಅರ್ಧ ತೂಕದಿಂದ ಶುರುಮಾಡಿ.

ಸವೆತ ಶುರುವಾಗಿದೆಯೇ?

ವಯಸ್ಸು 45 ದಾಟಿದೆ, ಓಡಾಡಿದರೆ ನೋವು, ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ ಎಂದರೆ ಎಕ್ಸ್-ರೇ ಇಲ್ಲದೆಯೂ ವೈದ್ಯರು ಸವೆತ ಎಂದು ಹೇಳಬಲ್ಲರು. ಹಳೆಯ ಗಾಯವಿದ್ದವರಿಗೆ 30ರಲ್ಲೇ ಬರಬಹುದು. ಎಕ್ಸ್-ರೇ ತೆಗೆಸುವುದಾದರೆ ನಿಂತುಕೊಂಡೇ ತೆಗೆಸಿ. ಮಲಗಿ ತೆಗೆದದ್ದರಲ್ಲಿ ಮೂಳೆಗಳ ನಡುವಿನ ಅಂತರ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಮೊಣಕಾಲು ಕೆಂಪಾಗಿ, ಬಿಸಿಯಾಗಿ, ಜ್ವರವೂ ಇದ್ದರೆ ಅದು ಸೋಂಕಿರಬಹುದು, ಅಂದೇ ಆಸ್ಪತ್ರೆಗೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಬೇಕು. ಇಲ್ಲಿ ಹಲವು ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹೆಚ್ಚು. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ವರ್ಷಗಟ್ಟಲೆ ಅಂಥ ನೀರು ಕುಡಿದವರಿಗೆ ಕೀಲುಗಳು ಬಿಗಿಯುತ್ತವೆ, ನೋಯುತ್ತವೆ, ಸವೆತ ಎಂದೇ ಅನಿಸುತ್ತದೆ. ಗುರುತು ಹೀಗೆ: ಆಟಗಾರನ ಸವೆತ ಸಾಮಾನ್ಯವಾಗಿ ಗಾಯವಾದ ಒಂದು ಮೊಣಕಾಲಲ್ಲಿ, ಫ್ಲೋರೈಡ್‌ನದು ಕುತ್ತಿಗೆ, ಬೆನ್ನು, ಸೊಂಟ ಸೇರಿ ಹಲವು ಕಡೆ. ಗದ್ದ ಎದೆಗೆ ಮುಟ್ಟಿಸಲು ಬರುತ್ತಿಲ್ಲ, ಹಲ್ಲಿನ ಮೇಲೆ ಕಂದು ಗೆರೆಗಳಿವೆ, ಮನೆಯಲ್ಲಿ ಇನ್ನೂ ಇಬ್ಬರಿಗೆ ಹೀಗೇ ಇದೆ ಎಂದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಮುಂಗೈ ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದು ಕಂಡರೆ ಅದು ಫ್ಲೋರೋಸಿಸ್‌ನ ಗಟ್ಟಿ ಗುರುತು.

ಸವೆತ ಖಚಿತವಾದರೂ ಆಟ ಪೂರ್ತಿ ಬಿಡಬೇಕಿಲ್ಲ. ತಿರುಚಾಟದ ಆಟ ಬಿಟ್ಟು ಸೈಕಲ್, ನಡಿಗೆ, ನಿಧಾನ ಓಟಕ್ಕೆ ಬನ್ನಿ. ಸೈಕಲ್ ಸೀಟು ತಗ್ಗಿದ್ದರೆ ಮೊಣಕಾಲಿಗೆ ತ್ರಾಸು. ಪೆಡಲ್ ತಳದಲ್ಲಿದ್ದಾಗ ಮೊಣಕಾಲು ತುಸುವೇ ಬಾಗಿರುವಷ್ಟು ಏರಿಸಿ. ಈಜು ಒಳ್ಳೆಯದು, ಈಜುಕೊಳದಲ್ಲಿ ಮಾತ್ರ. ಕಾಲುವೆಯ ಸೆಳೆತ ನಂಬಬೇಡಿ. ಮರಳು ಚೀಲ, ಇಟ್ಟಿಗೆಯಿಳಿತ ಮುಂದುವರಿಯಲಿ, ನೋವಿನ ಅಳತೆಗೋಲು ಇಲ್ಲೂ ಅದೇ.

ಮಾತ್ರೆ, ಸೂಜಿ, ಪುಡಿ

ನೋವಿಗೆ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಮೊದಲ ಆಯ್ಕೆ. ಹೊಟ್ಟೆಗೆ ತೆಗೆದುಕೊಳ್ಳುವ ನೋವಿನ ಮಾತ್ರೆಯನ್ನು ಆಟಕ್ಕೆ ಮುಂಚೆ ನುಂಗುವ ಚಟ ಇಲ್ಲಿನ ಬಿಸಿಲಲ್ಲಿ ವಿಶೇಷ ಅಪಾಯ: 40 ಡಿಗ್ರಿಯಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಆ ಮಾತ್ರೆ ಬಿದ್ದರೆ ಕಿಡ್ನಿಗೆ ರಕ್ತ ಕಡಿಮೆಯಾಗಿ ಪೆಟ್ಟು ಬೀಳುತ್ತದೆ. ಜೊತೆಗೆ ನೋವು ಮುಚ್ಚಿಹೋಗಿ ಹರಿದ ಕಾಲಲ್ಲೇ ಆಡುತ್ತೀರಿ.

ಕೀಲಿಗೆ ಕೊಡುವ ಸ್ಟೀರಾಯ್ಡ್ ಸೂಜಿ ಕೆಲವು ವಾರ ನೋವು ತಗ್ಗಿಸುತ್ತದೆ, ಮತ್ತೆ ಮತ್ತೆ ಹಾಕಿಸಿಕೊಂಡರೆ ಮೃದ್ವಸ್ಥಿಗೇ ಕೆಡುಕು. ಟೂರ್ನಮೆಂಟ್ ಆಡಲೆಂದು ಹಾಕಿಸಿಕೊಳ್ಳಲೇಬಾರದು. ಕೀಲಿಗೆಂದು ಮಾರುವ ಗ್ಲೂಕೋಸಮೈನ್ ಮಾತ್ರೆಗೆ ಹಣ ಸುರಿಯುವಷ್ಟು ಪುರಾವೆ ಇಲ್ಲ. ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಕೀಲಿಗೆ ಹಾಕುವ ದುಬಾರಿ ಪಿಆರ್‌ಪಿ ಸೂಜಿಯನ್ನು ಆಸ್ಟ್ರೇಲಿಯಾದಲ್ಲಿ ಬರೀ ಉಪ್ಪುನೀರಿನ ಸೂಜಿಗೆ ಹೋಲಿಸಿ ನೋಡಿದಾಗ, ಒಂದು ವರ್ಷದ ನಂತರ ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಆ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಇನ್ನು ಸಂತೆಯಲ್ಲಿ ಸಿಗುವ, ಮೇಲೆ ಹೆಸರೂ ಇಲ್ಲದ, ಎರಡೇ ದಿನಕ್ಕೆ ಮೊಣಕಾಲು ಹಗುರ ಮಾಡುವ ಪುಡಿ: ಅಷ್ಟು ಬೇಗ ಕೆಲಸ ಮಾಡಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ತಿಂಗಳುಗಟ್ಟಲೆ ತಿಂದಿದ್ದರೆ ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯವೇ. ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಿ, ಅವರು ಹೇಳಿದ ಹಾಗೆ ಹಂತಹಂತವಾಗಿ ಬಿಡಿ.